ಗಾಳಿಗೂ ಬೀಗವೇ?

ಕಮಲಾಪುರದ ಬಸ್ ನಿಲ್ದಾಣದ ಮುಂದೆ ಚಹಾ ಕುಡಿಯುತ್ತ ನಿಂತವರೆಲ್ಲ ಈ ನೋಟ ಕಂಡವರೇ. ಪೋಲೀಸಪ್ಪ ಬಂದು ನಿಲ್ಲುತ್ತಾನೆ. ಹೆಗಲಿಗೆ ಸಿಕ್ಕಿಸಿದ ವಾಕಿಟಾಕಿ ಕರ್ರೆನ್ನುತ್ತದೆ. ಯಾರೋ ಯಾರಿಗೋ ಏನೋ ಹೇಳುತ್ತಾರೆ. ಅರ್ಧ ಇಂಗ್ಲಿಷು, ಅರ್ಧ ಅಂಕಿಸಂಖ್ಯೆ. ಚಹಾ ಕುಡಿಯುವವರ ಕಿವಿ ನೆಟ್ಟಗಾಗುತ್ತವೆ. ಪೋಲೀಸಪ್ಪ ಸೆಟ್ಟಿನ ಸದ್ದು ತಗ್ಗಿಸಿ ನಾಲ್ಕು ಹೆಜ್ಜೆ ಆಚೆಗೆ ಸರಿಯುತ್ತಾನೆ. ಆತನ ತಪ್ಪಿಲ್ಲ, ಮೇಲಿನವರ ಹುಕುಂ ಹಾಗಿದೆ. ಆದರೆ ಆ ನಾಲ್ಕು ಹೆಜ್ಜೆಯ ಅಂತರದಲ್ಲಿ ಒಂದು ದೊಡ್ಡ ಪ್ರಶ್ನೆ ಬಿದ್ದುಕೊಂಡಿದೆ. ಸೆಟ್ಟು ಕೊಂಡದ್ದು ನಮ್ಮ ತೆರಿಗೆಯ ಹಣದಿಂದ. ಹಿಡಿದವನಿಗೆ ಸಂಬಳ ನಮ್ಮದು. ಮಾತು ಹಾರಿಹೋಗುವ ಗಾಳಿ ನಮ್ಮ ಊರಿನದು. ಮಾತು ಮಾತ್ರ ನಮ್ಮದಲ್ಲವೆಂದರೆ ಹೇಗೆ?

ಕೂಲಿ, ಬೆಲೆಯೇರಿಕೆ, ಜಿಎಸ್‌ಟಿ ಕಾಟ ಇವನ್ನೆಲ್ಲ ಬಿಟ್ಟು ಪೋಲೀಸರ ರೇಡಿಯೊದ ಗೊಡವೆ ನಿಮಗೇಕೆ ಎಂದು ಕೇಳುವ ಓದುಗರಿದ್ದಾರೆ. ಹೇಳುತ್ತೇವೆ. ಮುಷ್ಕರದ ದಿನ ಮಿಲ್ಲಿನ ಗೇಟಿಗೆ ವ್ಯಾನು ಬರುವುದು ಆ ಸೆಟ್ಟಿನ ಮಾತಿನಿಂದ. ಗಂಜಿನಲ್ಲಿ ಅಂಗಡಿ ಬಾಗಿಲು ಹಾಕಿಸುವುದು, ತಳ್ಳುಬಂಡಿ ಎತ್ತಿಸುವುದು ಆ ಮಾತಿನಿಂದ. ಲಾಠಿ ಎತ್ತಬೇಕೋ, ಒಂದು ಗಂಟೆ ಕಾಯಬೇಕೋ ಎಂಬ ತೀರ್ಮಾನ ಹೊರಡುವುದೂ ಆ ಮಾತಿನಲ್ಲೇ. ಮರುದಿನ ಕೋರ್ಟಿನಲ್ಲಿ ಹಮಾಲನ ಹೇಳಿಕೆ ಒಂದು ಕಡೆ, ಪಂಚನಾಮೆ ಒಂದು ಕಡೆ ನಿಂತಾಗ, ಮೊದಲು ಕಲ್ಲು ಬಿತ್ತೋ ಮೊದಲು ಲಾಠಿ ಬಿತ್ತೋ ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಬಲ್ಲ ಸಾಕ್ಷಿ ಅದೊಂದೇ. ಆ ಸಾಕ್ಷಿಯನ್ನು ಕರೆಯುವ ಅಧಿಕಾರ ನಮಗಿಲ್ಲ. ಇದು ಹೊಟ್ಟೆಯ ಪ್ರಶ್ನೆಯಲ್ಲವೆನ್ನುವವರು ಮಿಲ್ಲಿನ ಗೇಟಿನಲ್ಲಿ ಒಮ್ಮೆ ನಿಂತು ನೋಡಲಿ.

ಈ ದೇಶದಲ್ಲಿ ಗಾಳಿಗೆ ಮೊದಲು ಬೀಗ ಜಡಿದವರು ಬ್ರಿಟಿಷರು. 1885ರ ತಂತಿ ಕಾಯ್ದೆ ಒಂದು, 1933ರ ನಿಸ್ತಂತು ಕಾಯ್ದೆ ಇನ್ನೊಂದು. ಎರಡನೆಯದರ ಪ್ರಕಾರ ಲೈಸನ್ಸಿಲ್ಲದೆ ರೇಡಿಯೊ ಸೆಟ್ಟು ಮನೆಯಲ್ಲಿಟ್ಟುಕೊಂಡರೂ ಅಪರಾಧ. ನಮ್ಮ ಹಿರಿಯರು ಬಿನಾಕಾ ಗೀತಮಾಲಾ ಕೇಳುವುದಕ್ಕೂ ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಫೀ ಕಟ್ಟಿ, ಲೈಸನ್ಸ್ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುತ್ತಿದ್ದುದು ಈ ಕಾಯ್ದೆಯ ದೆಸೆಯಿಂದಲೇ. 1980ರ ದಶಕದಲ್ಲಿ ಆ ಫೀ ಹೋಯಿತು, ಪುಸ್ತಕ ಹೋಯಿತು. ಗಾಳಿಯ ಒಡೆಯ ಸರಕಾರವೆಂಬ ಬುದ್ಧಿ ಮಾತ್ರ ಹೋಗಲಿಲ್ಲ.

ಈ ಬುದ್ಧಿಗೆ ಮೊಟ್ಟಮೊದಲು ಸವಾಲು ಹಾಕಿದವರಲ್ಲಿ ನಮ್ಮ ಸಮಾಜವಾದಿಗಳಿದ್ದಾರೆಂಬುದನ್ನು ಹೆಮ್ಮೆಯಿಂದ ನೆನೆಯುತ್ತೇವೆ. 1942ರ ಆಗಸ್ಟಿನಲ್ಲಿ ನಾಯಕರೆಲ್ಲ ಜೈಲು ಸೇರಿದ್ದಾಗ, ಪತ್ರಿಕೆಗಳ ಬಾಯಿ ಕಟ್ಟಿದ್ದಾಗ, ಮುಂಬಯಿಯಲ್ಲಿ ಉಷಾ ಮೆಹತಾ ಎಂಬ ಇಪ್ಪತ್ತೆರಡರ ಹುಡುಗಿ ಮತ್ತು ಆಕೆಯ ಗೆಳೆಯರು ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದರು. 42.34 ಮೀಟರಿನಲ್ಲಿ ಮಾತಾಡುತ್ತಿದ್ದ ಆ ರೇಡಿಯೊದ ಬೆನ್ನಿಗೆ ನಿಂತವರು ಡಾ. ರಾಮಮನೋಹರ ಲೋಹಿಯಾ. ಸದ್ದು ಹಿಡಿಯುವ ಯಂತ್ರ ಹೊತ್ತ ಪೋಲೀಸ್ ವ್ಯಾನುಗಳು ಗಲ್ಲಿ ಗಲ್ಲಿ ಅಲೆಯುತ್ತಿದ್ದವು. ಇವರು ಮನೆಯಿಂದ ಮನೆಗೆ ಯಂತ್ರ ಹೊತ್ತು ಓಡುತ್ತಿದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಗಾಳಿ ಸರಕಾರದ ಸ್ವತ್ತಲ್ಲ, ಜನರ ಸ್ವತ್ತೆಂದು ತೋರಿಸಿದ್ದಕ್ಕೆ ಆ ಹುಡುಗಿಗೆ ನಾಲ್ಕು ವರ್ಷ ಸೆರೆವಾಸ.

ಜನರ ಸ್ವತ್ತು ಎಂಬ ಮಾತು ಬರಿಯ ಭಾಷಣದ ಮಾತೆಂದು ಅಧಿಕಾರಿಗಳು ನಗಬಹುದು. ಅವರಿಗೆ ಸುಪ್ರೀಂ ಕೋರ್ಟಿನ 1995ರ ಫೆಬ್ರವರಿ 9ರ ತೀರ್ಪನ್ನು ನೆನಪಿಸಬೇಕಾಗಿದೆ. ಬಂಗಾಳದ ಕ್ರಿಕೆಟ್ ಸಂಘ ಆಟವನ್ನು ಟೆಲಿವಿಜನ್ನಿಗೆ ಕೊಡುವ ಹಕ್ಕಿಗಾಗಿ ಕೋರ್ಟಿಗೆ ಹೋಗಿತ್ತು. ಆಟದ ಜಗಳದಲ್ಲಿ ದೇಶಕ್ಕೊಂದು ದೊಡ್ಡ ತತ್ತ್ವ ಸಿಕ್ಕಿತು: ಆಕಾಶದ ಅಲೆಗಳು ಸಾರ್ವಜನಿಕ ಆಸ್ತಿ, ಅವನ್ನು ಜನಹಿತಕ್ಕಾಗಿ ಬಳಸಬೇಕು. ಸರಕಾರ ಆ ಆಸ್ತಿಯ ಪಾರುಪತ್ಯಗಾರ. ಗುಡಿಯ ಪಾರುಪತ್ಯಗಾರ ಗುಡಿಗೆ ಬೀಗ ಹಾಕಿಕೊಂಡು ಕೀಲಿಯನ್ನು ಮನೆಗೆ ಒಯ್ದರೆ ಊರವರು ಸುಮ್ಮನಿರುತ್ತಾರೆಯೇ?

ಈಗ ಹೊಸ ಕಾಯ್ದೆಯ ಚೆಂದ ನೋಡಿ. 2023ರ ದೂರಸಂಪರ್ಕ ಕಾಯ್ದೆಯ 42ನೆಯ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ಸಂದೇಶವನ್ನು ಅಕ್ರಮವಾಗಿ ನಡುವೆ ಹಿಡಿದು ಕೇಳಿದವನಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೆ ಎರಡು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಪರರ ಫೋನು ಕದ್ದು ಕೇಳುವ ದುಷ್ಟನಿಗೆ ಇದು ಸಲ್ಲುವ ಶಿಕ್ಷೆಯೇ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ರಸ್ತೆಯಲ್ಲಿ ಲಾಠಿ ಹಿಡಿದು ನಿಂತ ಸರಕಾರಿ ನೌಕರನ ಕರ್ತವ್ಯದ ಮಾತು, ಮನೆಯೊಳಗೆ ಗಂಡ ಹೆಂಡತಿ ಆಡಿಕೊಂಡ ಮಾತು, ಎರಡಕ್ಕೂ ಒಂದೇ ತಕ್ಕಡಿ! 1933ರ ಕಾಯ್ದೆಯಲ್ಲಿ ಲೈಸನ್ಸಿಲ್ಲದ ಸೆಟ್ಟು ಇಟ್ಟುಕೊಂಡವನಿಗೆ ಮೊದಲ ತಪ್ಪಿಗೆ ನೂರು ರೂಪಾಯಿ ದಂಡವಿತ್ತು. ಸೆಟ್ಟು ಇಡುವುದು ಬೇರೆ, ಕದ್ದು ಕೇಳುವುದು ಬೇರೆ ಎಂದು ವಕೀಲರು ತಿದ್ದುವರು, ತಿದ್ದಲಿ, ಸರಿಯೇ. ದಿನಗೂಲಿಯವನ ಮುಂದೆ ಎರಡು ಕೋಟಿಯ ಅಂಕಿ ಹಿಡಿದು ತೋರಿಸುವ ಕಾಯ್ದೆ ಯಾರನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು ಎಂಬುದಷ್ಟೇ ನಮ್ಮ ಪ್ರಶ್ನೆ.

ಕಾಯ್ದೆಯ ಬೀಗ ಹಳೆಯದು. ಅದರ ಮೇಲೆ ಈಗ ಯಂತ್ರದ ಬೀಗ ಬೀಳುತ್ತಿದೆ. ಅದು ಕೆಲಸ ಮಾಡುವ ಬಗೆ ಸರಳ. ಹಳೆಯ ವೈರ್‌ಲೆಸ್ ಸೆಟ್ಟು ಮಾತನ್ನು ಇದ್ದಂತೆಯೇ ಅಲೆಯ ಮೇಲೆ ಏರಿಸಿ ಕಳಿಸುತ್ತದೆ. ಅದೇ ಅಲೆಗೆ ಮುಳ್ಳು ತಿರುಗಿಸಿದ ಯಾವ ಸೆಟ್ಟಿಗಾದರೂ ಅದು ಕೇಳಿಸುತ್ತದೆ. ಹೀಗೆ ಒಂದಾದ ಮೇಲೊಂದು ಅಲೆಯನ್ನು ತಾನೇ ತಡಕುತ್ತ ಹೋಗಿ, ಮಾತು ಸಿಕ್ಕಿದಲ್ಲಿ ನಿಲ್ಲುವ ಪೆಟ್ಟಿಗೆಗೆ ಸ್ಕ್ಯಾನರ್ ಎನ್ನುತ್ತಾರೆ. ಹೊಸ ಡಿಜಿಟಲ್ ಸೆಟ್ಟು ಮಾತನ್ನು ಅಂಕಿಗಳಾಗಿ ಒಡೆಯುತ್ತದೆ. ಆ ಅಂಕಿಗಳನ್ನು ಒಂದು ಗುಟ್ಟಿನ ಕೀಲಿಯಿಂದ ಕಲಸಿ ಕಳಿಸುವ ಏರ್ಪಾಟಿಗೆ ಎನ್‌ಕ್ರಿಪ್ಷನ್ ಎಂದು ಹೆಸರು. ಅದೇ ಕೀಲಿಯಿರುವ ಸೆಟ್ಟಿಗೆ ಮಾತು ತಿಳಿಯುತ್ತದೆ; ಉಳಿದವರಿಗೆ ಬರಿ ಮರಳು ಸುರಿದ ಸದ್ದು.

ಅಮೆರಿಕದಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ನಡೆದಿದೆ. ಬಂಡವಾಳಶಾಹಿಯ ರಾಜಧಾನಿ ನಮಗೆ ಆದರ್ಶವಲ್ಲ. ಆದರೂ ಈ ಒಂದು ವಿಷಯದಲ್ಲಿ ಅಲ್ಲಿಯ ಜನ ನಮಗಿಂತ ಹೆಚ್ಚು ಸ್ವಾತಂತ್ರ್ಯ ಅನುಭವಿಸಿದ್ದಾರೆಂದು ಒಪ್ಪಲೇಬೇಕು. 1928ರಲ್ಲಿ ಡೆಟ್ರಾಯಿಟಿನ ಪೋಲೀಸರು ಕಾರುಗಳಿಗೆ ರೇಡಿಯೊ ಕೂರಿಸಿದಾಗ ಪಟ್ಟಣದ ಮನೆಮನೆಯ ರೇಡಿಯೊದಲ್ಲೂ ಆ ಮಾತು ಕೇಳುತ್ತಿತ್ತು. ಅಂದಿನಿಂದ ಸುಮಾರು ತೊಂಬತ್ತು ವರ್ಷ ಪತ್ರಕರ್ತರು, ನೆರೆಹೊರೆಯವರು ಸ್ಕ್ಯಾನರ್ ಹಚ್ಚಿಕೊಂಡು ಕೇಳಿದರು. ಈಗ ನಗರದ ಮೇಲೆ ನಗರ ಬೀಗ ಹಾಕುತ್ತಿದೆ. ನ್ಯೂಯಾರ್ಕಿನ ಪೋಲೀಸರು ಸುಮಾರು 39 ಕೋಟಿ ಡಾಲರಿನ ಹೊಸ ವ್ಯವಸ್ಥೆ ತರಿಸಿ 2023ರಲ್ಲಿ ಬ್ರೂಕ್ಲಿನ್ನಿನಿಂದ ಮೊದಲುಮಾಡಿ ಬೀಗ ಜಡಿಯತೊಡಗಿದರು. ಶಿಕಾಗೋ 2022ರಲ್ಲಿ ಅರ್ಧ ಬಾಗಿಲು ತೆರೆದಿಟ್ಟಿತು: ಮಾತು ಅರ್ಧ ಗಂಟೆ ತಡವಾಗಿ ಜನರಿಗೆ ಕೇಳಿಸುವ ಏರ್ಪಾಟು. ಕ್ಯಾಲಿಫೋರ್ನಿಯದ ಪಾಲೋ ಆಲ್ಟೊ ಎಂಬ ಊರಂತೂ 2021ರಲ್ಲಿ ಹಾಕಿದ ಬೀಗವನ್ನು 2022ರಲ್ಲಿ ತಾನೇ ತೆಗೆಯಿತು. ಜನರ ಖಾಸಗಿ ವಿವರ ಬಂದಾಗ ಬೇರೆ ದಾರಿಯಲ್ಲಿ ಹೇಳಿ, ಉಳಿದ ಮಾತು ಬಯಲಲ್ಲೇ ಆಡಿ ಎಂದರು, ಕೆಲಸ ನಡೆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕೈಯಲ್ಲಿದ್ದದ್ದನ್ನು ಕಸಿದರೆಂದು ಅವರು ಕೂಗುತ್ತಿದ್ದಾರೆ. ನಮ್ಮ ಕೈಯಲ್ಲಿ ಇದ್ದದ್ದೇ ಇಲ್ಲ, ಆದ್ದರಿಂದ ಕಳೆದುಕೊಂಡ ನೋವೂ ಇಲ್ಲ. ಈ ನೋವಿಲ್ಲದ ಸ್ಥಿತಿಯೇ ಅಧಿಕಾರಶಾಹಿಗೆ ಬೇಕಾದದ್ದು.

ನಮ್ಮ ಕಲಬುರಗಿ ಸೀಮೆಯವರಿಗೆ ಕಿವಿ ಮುಚ್ಚಿಸಿಕೊಂಡು ಬದುಕುವ ಅಭ್ಯಾಸ ಹೊಸದಲ್ಲ. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಕನ್ನಡದ ರೈತ ತನ್ನ ಹೊಲದ ಪಹಣಿ ಓದಿಸಿಕೊಳ್ಳಲು ಮತ್ತೊಬ್ಬರ ಬಾಗಿಲಿಗೆ ಹೋಗಬೇಕು. ಉರ್ದು ನಮ್ಮ ಬಜಾರಿನ ಮಾತು, ನೆರೆಮನೆಯವರ ಮಾತು, ಅದರ ಮೇಲೆ ನಮಗೆ ಮುನಿಸಿಲ್ಲ. ಜನರಿಗೆ ತಿಳಿಯದ ಹಾಗೆ ಆಳಬೇಕೆಂಬ ಕಚೇರಿಯ ಮನಸ್ಸಿನ ಮೇಲೆ ಮುನಿಸು. ಗಸ್ತಿ 53 ಎಂಬ ಹುಕುಂ ಹೊರಡಿಸಿ, ಅಪ್ಪಣೆಯಿಲ್ಲದೆ ನಾಲ್ಕು ಜನ ಸಭೆ ಸೇರುವಂತಿಲ್ಲವೆಂದ ಸರಕಾರ ಅದು. ನಿಜಾಮ ಹೋದ ಮೇಲೆ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿತು. ಲೋಹಿಯಾ ಅವರು ಇಂಗ್ಲಿಷ್ ತೊಲಗಲಿ ಎಂದಾಗ ಪಂಡಿತರು ಗೇಲಿ ಮಾಡಿದರು. ಆದರೆ ಎನ್‌ಕ್ರಿಪ್ಷನ್ ಯಂತ್ರ ಬರುವುದಕ್ಕೆ ಎಷ್ಟೋ ಮುಂಚೆ ಇಂಗ್ಲಿಷೇ ಈ ದೇಶದ ಎನ್‌ಕ್ರಿಪ್ಷನ್ ಆಗಿತ್ತು, ಕೀಲಿ ಇದ್ದದ್ದು ಕೆಲವೇ ಮನೆಗಳಲ್ಲಿ.

ಮುಚ್ಚಿಟ್ಟದ್ದರಿಂದ ನಮ್ಮ ಜಿಲ್ಲೆಗೆ ಏನಾಯಿತೆಂಬುದಕ್ಕೆ ಅತಿ ಕಹಿಯಾದ ಉದಾಹರಣೆ 1948ರದು. ರಜಾಕಾರರ ಹಾವಳಿಯ ಕಥೆಯನ್ನು ನಾವೆಲ್ಲ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು. ಅದು ಸತ್ಯ, ಅದನ್ನು ಯಾರೂ ಬಚ್ಚಿಡಲಿಲ್ಲ. ಸೆಪ್ಟೆಂಬರ್ 17ರ ನಂತರ ಏನಾಯಿತೆಂಬುದೂ ಸತ್ಯವೇ. ಭಾರತ ಸರಕಾರವೇ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ತಂಡ ಕಳಿಸಿತು. ಆ ತಂಡ ಊರೂರು ತಿರುಗಿ, ಇಪ್ಪತ್ತೇಳು ಸಾವಿರದಿಂದ ನಲವತ್ತು ಸಾವಿರ ಜನ ಸತ್ತಿರಬೇಕೆಂದು, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಬೀದರವೂ ಸೇರಿವೆಯೆಂದು ವರದಿ ಬರೆಯಿತು. ಸರಕಾರ ಆ ವರದಿಯನ್ನು ಪೆಟ್ಟಿಗೆಗೆ ಹಾಕಿತು. ದಿಲ್ಲಿಯ ನೆಹರು ಸ್ಮಾರಕ ಗ್ರಂಥಾಲಯದಲ್ಲಿ ಅದು ಜನರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಅರವತ್ತೈದು ವರ್ಷ! ಗಂಡನನ್ನು, ಅಣ್ಣನನ್ನು ಕಳೆದುಕೊಂಡವರು ಅಷ್ಟರಲ್ಲಿ ಮಣ್ಣಾಗಿದ್ದರು. ಶಾಂತಿಗೆ ಭಂಗ ಬರುತ್ತದೆಂದು ಮುಚ್ಚಿಟ್ಟೆವೆನ್ನುತ್ತಾರೆ. ಮುಚ್ಚಿಟ್ಟದ್ದರಿಂದ ಎರಡೂ ಕಡೆಯ ಸುಳ್ಳುಗಳಿಗೆ ಅರವತ್ತೈದು ವರ್ಷ ಸೊಂಪಾಗಿ ಬೆಳೆಯಲು ನೆಲ ಸಿಕ್ಕಿತು. ಇಂದಿಗೂ ಪ್ರತಿ ಸೆಪ್ಟೆಂಬರಿನಲ್ಲಿ ಆ ಬೆಳೆಯನ್ನು ಕೊಯ್ಯುವವರಿದ್ದಾರೆ.

ಅದು ಕಾಗದದ ಕಥೆ, ರೇಡಿಯೊದ ಕಥೆ ಹೇಳಿ ಎನ್ನುವಿರೇನು? ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ದುಡಿಯಲು ಹೋದವರಿರುವ ಮುಂಬಯಿಯದೇ ಎರಡು ಕಥೆಗಳಿವೆ.

1992ರ ಡಿಸೆಂಬರ್, 1993ರ ಜನವರಿಯ ಗಲಭೆಗಳ ವಿಚಾರಣೆಗೆ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಆಯೋಗ ಕೂತಿತು. ಪೋಲೀಸರ ವೈರ್‌ಲೆಸ್ ಮಾತುಗಳ ಧ್ವನಿಮುದ್ರಿಕೆ ಅದರ ಮುಂದೆ ಬಂತು. ಊರು ಉರಿಯುತ್ತಿರುವಾಗ, ನೆರವಿಗಾಗಿ ಕೂಗುತ್ತಿದ್ದ ಮುಸ್ಲಿಮರ ವಿಷಯದಲ್ಲಿ ಕೆಲ ಪೋಲೀಸರು ಅಲೆಯ ಮೇಲೆ ಆಡಿದ ಮಾತಿನ ಧಾಟಿ ಅದರಲ್ಲಿತ್ತು. ಪೋಲೀಸರಲ್ಲಿ ಪಕ್ಷಪಾತವಿತ್ತೆಂದು 1998ರಲ್ಲಿ ಆಯೋಗದ ವರದಿ ಬಯಲು ಮಾಡಿತು. ನೊಂದವರ ಹೇಳಿಕೆಗಳನ್ನು ಸುಳ್ಳೆನ್ನಬಹುದು, ಪತ್ರಿಕೆಯವರನ್ನು ಮಾರಿಕೊಂಡವರೆನ್ನಬಹುದು. ತಮ್ಮದೇ ಸೆಟ್ಟು, ತಮ್ಮದೇ ದನಿ, ಅದನ್ನು ಏನೆನ್ನುವುದು?

ಎರಡನೆಯದು ಪೋಲೀಸನ ಮನೆಯ ಕಥೆ. ಅದಕ್ಕೇ ಅದನ್ನು ಒತ್ತಿ ಹೇಳುತ್ತೇವೆ. ಅಶೋಕ ಕಾಮ್ಟೆಯವರ ಹೆಸರನ್ನು ಸೊಲ್ಲಾಪುರದ ಕಡೆ ವ್ಯಾಪಾರವಿರುವ ನಮ್ಮವರು ಮರೆತಿರಲಾರರು; ಅಲ್ಲಿ ಪೋಲೀಸ್ ಕಮಿಷನರರಾಗಿದ್ದವರು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಕಾಮಾ ಆಸ್ಪತ್ರೆಯ ಬಳಿಯ ಗಲ್ಲಿಯಲ್ಲಿ ಹೇಮಂತ ಕರ್ಕರೆ, ವಿಜಯ ಸಾಲಸ್ಕರ್ ಅವರೊಂದಿಗೆ ಭಯೋತ್ಪಾದಕರ ಗುಂಡಿಗೆ ಬಲಿಯಾದರು. ಅವರ ಪತ್ನಿ ವಿನಿತಾ ಕಾಮ್ಟೆಯವರು, ನನ್ನ ಗಂಡ ಆ ಗಲ್ಲಿಗೆ ಹೋದದ್ದು ಯಾರ ಮಾತಿನ ಮೇಲೆ, ಗುಂಡೇಟಿನ ಸುದ್ದಿ ಕಂಟ್ರೋಲ್ ರೂಮಿಗೆ ಮುಟ್ಟಿದ್ದು ಎಷ್ಟು ಹೊತ್ತಿಗೆ, ನೆರವು ಹೊರಟದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹುತಾತ್ಮನ ಹೆಂಡತಿ! ಆಕೆಗೂ ಸುಲಭವಾಗಿ ಉತ್ತರ ಸಿಗಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಬಾಗಿಲಿಂದ ಬಾಗಿಲಿಗೆ ತಿರುಗಿ, ಕೊನೆಗೆ ಕಂಟ್ರೋಲ್ ರೂಮಿನ ದಾಖಲೆಗಳನ್ನು ಪಡೆದು, ನೆರವು ಬಹಳ ತಡವಾಯಿತೆಂಬ ತಮ್ಮ ವಾದವನ್ನು 2009ರಲ್ಲಿ ಪುಸ್ತಕವಾಗಿ ಜನರ ಮುಂದಿಟ್ಟರು. ಅಧಿಕಾರಿಗಳು ಒಪ್ಪಲಿಲ್ಲ, ವಾದ ನಡೆಯಿತು. ನಡೆಯಲಿ! ದಾಖಲೆ ಇದ್ದುದರಿಂದ ತಾನೇ ವಾದವಾದರೂ ನಡೆದದ್ದು. ದಾಖಲೆಯೇ ಅಳಿಸಿಹೋಗಿದ್ದರೆ ಆ ಹೆಣ್ಣುಮಗಳ ಕೈಯಲ್ಲಿ ಒಂದು ಪದಕ, ಒಂದು ಹಾರ ಹಾಕಿದ ಫೋಟೋ ಉಳಿಯುತ್ತಿತ್ತು. ಪೋಲೀಸ್ ಬಂಧುಗಳೇ, ಈ ದಾಖಲೆಗಳು ಬಯಲಾದರೆ ಮೊದಲು ಕಾಪಾಡುವುದು ನಿಮ್ಮನ್ನು. ಮೇಲಿನ ಸಾಹೇಬರು ಬಾಯಿಮಾತಿನ ಹುಕುಂ ಕೊಟ್ಟು, ಎಡವಟ್ಟಾದ ಮೇಲೆ ಕೆಳಗಿನ ಕಾನ್‌ಸ್ಟೇಬಲ್ಲನ ತಲೆಗೆ ಕಟ್ಟುವುದನ್ನು ತಡೆಯುವುದು ಆ ದನಿಯೊಂದೇ.

ಇನ್ನು ನಮ್ಮ ಊರಿಗೆ ಬರೋಣ. 2022ರ ಜೂನ್ 3ರ ನಸುಕಿನಲ್ಲಿ ಕಮಲಾಪುರದ ಹೊರವಲಯದ ಹೆದ್ದಾರಿಯಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಗೂಡ್ಸ್ ವಾಹನಕ್ಕೆ ಡಿಕ್ಕಿ ಹೊಡೆದು ಬೆಂಕಿ ಹತ್ತಿಕೊಂಡದ್ದು ಇಲ್ಲಿ ಯಾರಿಗೆ ನೆನಪಿಲ್ಲ? ಮಕ್ಕಳೂ ಸೇರಿ ಏಳೆಂಟು ಜನ ಬಸ್ಸಿನೊಳಗೇ ಸುಟ್ಟುಹೋದರು. ಯಾರೋ ತಡಮಾಡಿದರೆಂದು ನಾವು ಆರೋಪಿಸುತ್ತಿಲ್ಲ. ಪೋಲೀಸರು, ಅಗ್ನಿಶಾಮಕದವರು ತಮ್ಮಿಂದಾದ ವೇಗದಲ್ಲೇ ಬಂದಿರಬಹುದು. ಆದರೆ ಮೊದಲ ಕರೆ ಎಷ್ಟು ಹೊತ್ತಿಗೆ, ಅಲೆಯ ಮೇಲೆ ಸುದ್ದಿ ಹೋದದ್ದು ಎಷ್ಟು ಹೊತ್ತಿಗೆ, ಬೆಂಕಿಯ ಗಾಡಿ ಹೊರಟದ್ದು ಎಲ್ಲಿಂದ, ಹತ್ತಿರದಲ್ಲಿ ಇನ್ನೊಂದು ಗಾಡಿ ಇತ್ತೇ ಎಂಬುದನ್ನು ನಿಮಿಷ ನಿಮಿಷವಾಗಿ ಬರೆದು ಊರ ಮುಂದಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಅದಿದ್ದರೆ ಕಮಲಾಪುರಕ್ಕೆ, ಆ ಹೆದ್ದಾರಿಗೆ ಏನು ಬೇಕೆಂದು ವಿಧಾನಸಭೆಯಲ್ಲಿ ಲೆಕ್ಕ ಹಿಡಿದು ಕೇಳಬಹುದಿತ್ತು. ಕೆಂಪು ಬಾಳೆಯ ಊರೆಂದು ಹೊಗಳಿ ಹೋಗುವ ಮಂತ್ರಿಗಳು ಉತ್ತರ ಹೇಳಬೇಕಾಗುತ್ತಿತ್ತು.

ಭೀಮೆಯ ಮಾತೂ ಇದೇ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಉಜನಿಯಿಂದ ಇಷ್ಟು ನೀರು ಬಿಟ್ಟರು, ಸೊನ್ನದಲ್ಲಿ ಇಷ್ಟು ಗೇಟು ಎತ್ತಿದರು ಎಂಬ ಮಾತಿಗೆ ಬೀಗವೇಕೆ? ಇಂಥ ಹೊತ್ತಿನಲ್ಲಿ ಪ್ರವಾಹದ ಅಲೆಯೊಂದನ್ನು ಕನ್ನಡದಲ್ಲಿ ಬಯಲಾಗಿ ಬಿಟ್ಟು, ಪಂಚಾಯಿತಿಗೊಂದು ಸೆಟ್ಟು ಕೊಟ್ಟರೆ, ದನಕರು ಬಿಚ್ಚಿ ಎತ್ತರಕ್ಕೆ ಹೊಡೆಯಲು ಜನರಿಗೆ ಎರಡು ಗಂಟೆ ಹೆಚ್ಚು ಸಿಗುತ್ತದೆ. ಕಳ್ಳನು ಪ್ರವಾಹದ ಸುದ್ದಿ ಕೇಳಿ ಏನು ಕದಿಯುತ್ತಾನೋ ನಮಗೆ ತಿಳಿಯದು.

ಕಳ್ಳನ ಮಾತು ಬಂತು. ಪೋಲೀಸರ ಮಾತು ಬಯಲಾದರೆ ಕಳ್ಳರು ಕೇಳುತ್ತಾರೆಂಬುದು ಎಲ್ಲಕ್ಕಿಂತ ಮೊದಲು ಬರುವ ಆಕ್ಷೇಪಣೆ. ಇದನ್ನು ನಾವು ತಳ್ಳಿಹಾಕುವುದಿಲ್ಲ. ದಾಳಿಗೆ ಹೊರಟ ತಂಡ, ಅಪಹರಣದ ಬೆನ್ನಟ್ಟಿದ ತಂಡ, ಗಡಿ ದಾಟುವವರ ಸುಳಿವು ಇವಕ್ಕೆ ಬೀಗವಿರಲಿ, ಭದ್ರವಾಗಿಯೇ ಇರಲಿ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಹೆಸರು, ಮಗುವಿನ ವಿಳಾಸ ಗಾಳಿಯಲ್ಲಿ ಹಾರಾಡಬಾರದು. ಯಾರದೋ ಮನೆಯ ಮಾನ ಚಹಾದಂಗಡಿಯ ಹರಟೆಯಾಗಬಾರದು. ಗಾಳಿಸುದ್ದಿಗೆ ನೆಲ ಸಿಕ್ಕಿ ಗಲಭೆಯಾದೀತೆಂಬ ಭಯವೂ ನಿಜವೇ. ನಮ್ಮ ವಾಟ್ಸಾಪ್ ಶೂರರನ್ನು ಬಲ್ಲವರು ಆ ಭಯವನ್ನು ನಗೆಯಾಡುವುದಿಲ್ಲ. ಆದರೆ ಇವೆಲ್ಲ ಆ ಹೊತ್ತಿನಲ್ಲಿ ಮುಚ್ಚುವುದಕ್ಕೆ ಕಾರಣಗಳು. ಆರು ತಿಂಗಳ ಮೇಲೂ ಮುಚ್ಚುವುದಕ್ಕೆ ಇವುಗಳಲ್ಲಿ ಯಾವುದು ಕಾರಣ? ದಾಳಿ ಮುಗಿಯಿತು, ಕಳ್ಳ ಜೈಲು ಸೇರಿದ, ಲಾಠಿ ಬಿದ್ದ ಬೆನ್ನಿನ ಬಾಸುಂಡೆಯೂ ಮಾಯಿತು. ಆಗಲೂ ಹೆಸರು ಅಳಿಸಿ ದನಿ ಕೊಡುವುದಿಲ್ಲವೆಂದರೆ, ಅವರು ಹೆದರುವುದು ಕಳ್ಳನಿಗಲ್ಲ.

ಭದ್ರತೆಯೆಂಬ ಶಬ್ದ ಉಚ್ಚರಿಸಿದ ಕೂಡಲೆ ಬಾಯಿ ಮುಚ್ಚಬೇಕೆಂಬ ನಿಯಮವನ್ನು ಈ ದೇಶದಲ್ಲಿ ಪ್ರಶ್ನಿಸಿದವರೂ ಒಬ್ಬ ಸಮಾಜವಾದಿಯೇ. ರಾಯಬರೇಲಿಯ ಚುನಾವಣಾ ತಕರಾರಿನಲ್ಲಿ ರಾಜನಾರಾಯಣರು, ಪ್ರಧಾನಿಯ ಪ್ರವಾಸದ ಭದ್ರತೆಯ ನಿಯಮಗಳಿದ್ದ ನೀಲಿ ಪುಸ್ತಕವನ್ನು ಕೋರ್ಟಿಗೆ ತನ್ನಿ ಎಂದರು. ಗುಟ್ಟು, ತರುವುದಿಲ್ಲವೆಂದರು ಪೋಲೀಸ್ ಸಾಹೇಬರು. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪುಸ್ತಕವನ್ನೇನೂ ಬೀದಿಗೆ ಹಾಕಲಿಲ್ಲ. ಆದರೆ ಗುಟ್ಟೆಂದು ಸರಕಾರ ಹೇಳಿದ್ದೇ ಕೊನೆಯ ಮಾತಲ್ಲ, ಕಾಗದ ತರಿಸಿ ನೋಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದಿತು. ಜನರ ಪ್ರತಿನಿಧಿಗಳು ಜನರ ಹೆಸರಿನಲ್ಲಿ ಮಾ��ುವ ಕೆಲಸವನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ನ್ಯಾಯಮೂರ್ತಿ ಮ್ಯಾಥ್ಯೂ ಬರೆದರು. ಪ್ರಧಾನಿಯ ಭದ್ರತೆಯ ಪುಸ್ತಕಕ್ಕೇ ಈ ನ್ಯಾಯವಾದರೆ, ಸೂಪರ್ ಮಾರ್ಕೆಟ್ಟಿನ ಟ್ರಾಫಿಕ್ ಪೋಲೀಸರ ಮಾತಿಗೆ ಬೇರೆ ನ್ಯಾಯವೇ?

ನಮ್ಮ ಮಾತಿಗೆ ಮಾತ್ರ ಯಾವ ಬೀಗವೂ ಭದ್ರವಲ್ಲ. 1988ರಲ್ಲಿ ಇದೇ ಕರ್ನಾಟಕದಲ್ಲಿ ಫೋನ್ ಕದ್ದು ಕೇಳಿದ ಹಗರಣದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. ನಮ್ಮ ಸ್ನೇಹಿತರ ಬಳಗದಿಂದಲೇ ಬಂದ ಸರಕಾರವಾಗಿತ್ತೆಂದು ನಾವು ಆ ಪಾಪವನ್ನು ಮುಚ್ಚುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಫೋನ್ ಕೇಳುವುದಕ್ಕೆ ಕಟ್ಟುಪಾಡು ಹಾಕಿತು. 2017ರಲ್ಲಿ ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಸಾರಿದರು. ಆದರೂ ಇವತ್ತಿನ ಏರ್ಪಾಟು ನೋಡಿ: ಫೋನು ಕೇಳಲು ಅಪ್ಪಣೆ ಕೊಡುವವರು ಗೃಹ ಇಲಾಖೆಯ ಕಾರ್ಯದರ್ಶಿ, ಅದು ಸರಿಯೋ ತಪ್ಪೋ ನೋಡುವವರು ಅದೇ ಕಾರಿಡಾರಿನ ಇತರ ಕಾರ್ಯದರ್ಶಿಗಳು. ನ್ಯಾಯಾಧೀಶರಿಲ್ಲ, ಶಾಸಕರಿಲ್ಲ. ಹಾಗೆ ಕೇಳಿದ ದಾಖಲೆಗಳನ್ನು ಬೇಡವಾದಲ್ಲಿ ಆರಾರು ತಿಂಗಳಿಗೆ ನಾಶಮಾಡಬೇಕೆಂದು ನಿಯಮ. ಕೇಳಿದ ಗುರುತೂ ಉಳಿಯಬಾರದು!

ಇಂಟರ್ನೆಟ್ ನಿಲ್ಲಿಸುವ ಅಧಿಕಾರವೂ ಅವರದೇ. ಆದೇಶವನ್ನು ಪ್ರಕಟಿಸಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಂಟರ್ನೆಟ್ ನಿಂತ ದಿನ ಬಾಳೆಹಣ್ಣಿನ ಬಂಡಿಯ ಮೇಲಿನ ಕ್ಯೂಆರ್ ಚೀಟಿ ಬರಿ ಕಾಗದ. ಸಣ್ಣ ವ್ಯಾಪಾರಿಗೆ ಸಂಜೆಯ ಹೊತ್ತಿಗೆ ಎಷ್ಟು ನಷ್ಟವೆಂದು ನಾವು ಹೇಳಬೇಕಾಗಿಲ್ಲ, ಅವನ ಗಲ್ಲೆಯೇ ಹೇಳುತ್ತದೆ. ಅದೇ ದಿನ ಅದೇ ಬೀದಿಯಲ್ಲಿ ಪೋಲೀಸರ ಸೆಟ್ಟು ಮಾತ್ರ ಕರ್ರೆನ್ನುತ್ತಿರುತ್ತದೆ.

ನಡುವೆ ಒಂದು ಮಾತು. ಗುಟ್ಟಿನ ನಿಸ್ತಂತು ಮಾತಿನ ಮೇಲೆ ನಮ್ಮ ಇಲಾಖೆಗೆ ಇರುವ ಭಕ್ತಿಯನ್ನು ಕಲಬುರಗಿಯವರು ಬೇರೆ ಬಗೆಯಲ್ಲೂ ಕಂಡಿದ್ದೇವೆ. 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತಲ್ಲ, ಅದರ ಅಕ್ರಮದ ಬೇರು ಸಿಕ್ಕಿದ್ದು ನಮ್ಮ ಊರಿನ ಪರೀಕ್ಷಾ ಕೇಂದ್ರದಲ್ಲಿ. ಕಿವಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಉತ್ತರ ಬರೆದ ಆರೋಪ, ಸಿಐಡಿ ತನಿಖೆ, 2022ರಲ್ಲಿ ನೇಮಕಾತಿ ವಿಭಾಗದ ಮೇಲಧಿಕಾರಿಯ ಬಂಧನ, ಪರೀಕ್ಷೆ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ. ಲಕ್ಷಗಟ್ಟಲೆ ಲಂಚವಿಲ್ಲದ ಬಡವರ ಮಕ್ಕಳ ಎರಡು ವರ್ಷ ಹಾಳಾಯಿತು. ಯಾರ ಕಿವಿಗೆ ಯಾರ ಮಾತು ಹೋಗುತ್ತಿದೆ ಎಂಬ ಲೆಕ್ಕ ಕೇಳಬೇಕಾದವರು ನಾವೋ ಅವರೋ?

ಆದ್ದರಿಂದ ನಮ್ಮ ಒತ್ತಾಯ ದೊಡ್ಡದೇನಲ್ಲ. ಕಂಟ್ರೋಲ್ ರೂಮಿನ ಪ್ರತಿ ಮಾತೂ ಹೊತ್ತಿನ ಗುರುತಿನೊಂದಿಗೆ ಮುದ್ರಿತವಾಗಬೇಕು, ಮುದ್ರಿಕೆ ಹದಿನೆಂಟು ತಿಂಗಳು ಉಳಿಯಬೇಕು. ಈ ಹದಿನೆಂಟು ನಮ್ಮ ಕಟ್ಟುಕಥೆಯಲ್ಲ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತಿ ಠಾಣೆಯಲ್ಲೂ ದನಿ ಹಿಡಿಯುವ ಕ್ಯಾಮೆರಾ ಕೂರಿಸಿ ಅದರ ಮುದ್ರಿಕೆಯನ್ನು ಹದಿನೆಂಟು ತಿಂಗಳು ಕಾಪಾಡಿ ಎಂದಿತು. ಠಾಣೆಯ ಗೋಡೆಯೊಳಗಿನ ದನಿಗೆ ಇರುವ ಆಯುಷ್ಯ ಬೀದಿಯ ದನಿಗೂ ಇರಲಿ. ಗುಂಡು ಹಾರಿದ, ಲಾಠಿ ಬಿದ್ದ, ಪೋಲೀಸ್ ವಶದಲ್ಲಿ ಸಾವಾದ ದಿನಗಳ ಮುದ್ರಿಕೆಯನ್ನು ವಿಚಾರಣೆ ಮುಗಿಯುವ ತನಕ ಅಳಿಸಕೂಡದು. ನೊಂದವರು ಕೇಳಿದರೆ ಪರರ ಹೆಸರು ತೆಗೆದು ನಕಲು ಕೊಡಬೇಕು. ಬೆಂಕಿ, ಪ್ರವಾಹ, ರಸ್ತೆ ಅಪಘಾತದ ಅಲೆಗಳು ಬಯಲಾಗಿರಬೇಕು, ಕನ್ನಡದಲ್ಲಿರಬೇಕು.

ಸರಕಾರ ತಾನಾಗಿ ಇದನ್ನು ಕೊಡುವುದಿಲ್ಲ. ಮಾಹಿತಿ ಹಕ್ಕಿನ ಬಾಗಿಲೂ ಕಿರಿದಾಗುತ್ತಿದೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ವೈಯಕ್ತಿಕ ಮಾಹಿತಿಯೆಂದು ಹಣೆಪಟ್ಟಿ ಹಚ್ಚಿ ನಿರಾಕರಿಸುವುದು ಅಧಿಕಾರಿಗಳಿಗೆ ಇನ್ನಷ್ಟು ಸಲೀಸಾಗಿದೆ. ಜನಹಿತ ದೊಡ್ಡದಾದರೆ ಕೊಡಲೇಬೇಕೆಂಬ 8(2)ನೆಯ ಕಲಮು ಮಾತ್ರ ಇನ್ನೂ ಉಳಿದಿದೆ. ಆ ಕಿಂಡಿ ಮುಚ್ಚುವ ಮುಂಚೆ ಕೈ ಹಾಕೋಣ.

ಅರ್ಜಿಯ ನಮೂನೆಯನ್ನು ನಾವು ಬರೆದಿಟ್ಟಿದ್ದೇವೆ. ಪತ್ರಿಕೆಯ ಕಚೇರಿಗೆ ಬಂದವರಿಗೆ ಕೊಡುತ್ತೇವೆ. ಯಾರ ಹೆಸರನ್ನೂ, ಯಾವ ಪ್ರಕರಣವನ್ನೂ ಅದರಲ್ಲಿ ಕೇಳಿಲ್ಲ. ಕಂಟ್ರೋಲ್ ರೂಮಿನ ವೈರ್‌ಲೆಸ್ ಮಾತು ಮುದ್ರಿತವಾಗುತ್ತದೆಯೇ, ಎಷ್ಟು ದಿನ ಇಡುತ್ತೀರಿ, ಅಳಿಸಲು ಅಪ್ಪಣೆ ಕೊಡುವವರು ಯಾರು, ಆ ನಿಯಮದ ನಕಲು ಕೊಡಿ, ಇಷ್ಟೇ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ; ಎಣಿಸಿಯೇ ಬರೆದಿದ್ದೇವೆ. ನಗರದವರು ಪೋಲೀಸ್ ಕಮಿಷನರರ ಕಚೇರಿಯ ಮಾಹಿತಿ ಅಧಿಕಾರಿಗೆ, ತಾಲ್ಲೂಕಿನವರು ಜಿಲ್ಲಾ ಪೋಲೀಸ್ ವರಿಷ್ಠಾಧಿಕಾರಿಯವರ ಕಚೇರಿಗೆ ಕೊಡಬೇಕು. ವಿಳಾಸ ತಪ್ಪಿದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರ ಹೊಣೆ, ನಿಮ್ಮದಲ್ಲ. ಉತ್ತರಕ್ಕೆ ಮೂವತ್ತು ದಿನ ಗಡುವು. ಸ್ವೀಕೃತಿ ಬರೆಸಿಕೊಳ್ಳದೆ ಬರಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಬೇಕು. ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು.